ಕಂಪ್ಯೂಟರ್ ಸೈನ್ಸ್ ಸೀಟು: ಯಾರಿಗೆ, ಎಷ್ಟು ಬೆಲೆಗೆ?

(ಹೊನ್ನಾಳಿಯಲ್ಲಿ ನಡೆದ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘದ ಕಾರ್ಯದರ್ಶಿಗಳು ನನಗೆ ಕೊಟ್ಟ ವಿಷಯ "ಉನ್ನತ ಶಿಕ್ಷಣದಲ್ಲಿ ಅವಕಾಶಗಳು". ಆದರೆ ಬೆಳಿಗ್ಗೆಯಿಂದ ಆರು ಜನ ಪೋಷಕರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಸರ್, ಹುಡುಗನಿಗೆ ಕಂಪ್ಯೂಟರ್ ಸೈನ್ಸ್ ಕೊಡಿಸಬಹುದಾ?" ಅವರಲ್ಲಿ ಒಬ್ಬರು ಅಡಿಕೆ ಖೇಣಿ ಮಾಡುವವರು. ಹೆಸರು ಹೇಳುವುದಿಲ್ಲ, ಅವರು ಬೇಸರಪಡಬಾರದು. ಇರುವ ಒಂದೇ ನಿವೇಶನ ಮಾರಿದರೆ ಬೆಂಗಳೂರಿನಲ್ಲಿ ಮ್ಯಾನೇಜ್‌ಮೆಂಟ್ ಸೀಟು ಸಿಗುತ್ತದೆ, ಏನು ಮಾಡಲಿ ಎಂದರು. ಹಾಗಾಗಿ ಕಾರ್ಯದರ್ಶಿಗಳ ಕ್ಷಮೆ ಕೋರಿ ಆ ಪ್ರಶ್ನೆಯನ್ನೇ ಎತ್ತಿಕೊಳ್ಳುತ್ತೇನೆ.

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. 2017ರಲ್ಲಿ ನನ್ನ ಅಣ್ಣನ ಮಗ ಪಿಯುಸಿ ಮುಗಿಸಿದ. ಗಣಿತದಲ್ಲಿ ಪಾಸಾದದ್ದೇ ಹೆಚ್ಚು. ಆದರೆ ಕೈ ಬಹಳ ಚುರುಕು, ಕೆಟ್ಟ ಮಿಕ್ಸಿ, ಮೋಟಾರು ಏನೇ ಕೊಟ್ಟರೂ ಬಿಚ್ಚಿ ಸರಿಮಾಡುತ್ತಿದ್ದ. ಅಣ್ಣ ಸಲಹೆ ಕೇಳಿದ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವನು, ಬೇರೇನೂ ಯೋಚಿಸದೆ "ಕಂಪ್ಯೂಟರ್ ಸೈನ್ಸೇ ಕೊಡಿಸು" ಎಂದೆ. ನಿವೇಶನ ಹೋಯಿತು, ಅತ್ತಿಗೆಯ ಬಳೆಗಳೂ ಹೋದವು. ಹುಡುಗನಿಗೆ ಮೊದಲ ವರ್ಷದಿಂದಲೇ ಗಣಿತದ ಪತ್ರಿಕೆಗಳು ಬಾಕಿ ಉಳಿದವು. ನಾಲ್ಕು ವರ್ಷದ ಪದವಿಗೆ ಆರು ವರ್ಷ ಹಿಡಿಯಿತು. 2023ರಲ್ಲಿ ಹೊರಬಂದಾಗ ಕಂಪನಿಗಳು ಹೊಸಬರನ್ನು ತೆಗೆದುಕೊಳ್ಳುವುದನ್ನೇ ತಗ್ಗಿಸಿದ್ದವು. ಈಗ ಶಿವಮೊಗ್ಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡು ಚೆನ್ನಾಗಿಯೇ ಇದ್ದಾನೆ. "ಚಾಚಾ, ಈ ಅಂಗಡಿ ಆರು ವರ್ಷ ಮೊದಲೇ ಹಾಕಬಹುದಿತ್ತು" ಎಂದು ನಗುತ್ತಾನೆ. ಅಣ್ಣ ನಗುವುದಿಲ್ಲ.

ತಪ್ಪು ಪದವಿಯದಲ್ಲ. ಆ ಪದವಿಯಲ್ಲಿ ಏನು ಕಲಿಸುತ್ತಾರೆ ಎಂದು ನಾವು ಯಾರೂ ಹುಡುಗನಿಗೆ ಹೇಳಿರಲಿಲ್ಲ.

ನಮ್ಮ ಊರುಗಳಲ್ಲಿ ಕಂಪ್ಯೂಟರ್ ಓದು ಎಂದರೆ ಟೈಪಿಂಗ್, ಟ್ಯಾಲಿ, ಡಿಟಿಪಿ ಎಂದೇ ಭಾವನೆ. ಕಂಪ್ಯೂಟರ್ ಸೈನ್ಸ್ ಬೇರೆ. ಒಂದು ಉದಾಹರಣೆ ಕೊಡುತ್ತೇನೆ, ಮಕ್ಕಳು ಗಮನವಿಟ್ಟು ಕೇಳಬೇಕು. ಒಂದು ಲಕ್ಷ ಖಾತೆದಾರರ ಪಟ್ಟಿ ಅಕಾರಾದಿಯಾಗಿ ಇದೆ ಎನ್ನಿ. ಒಂದು ಹೆಸರು ಹುಡುಕಬೇಕು. ಮೊದಲಿನಿಂದ ಓದುತ್ತಾ ಹೋದರೆ ಲಕ್ಷ ಹೆಸರೂ ಓದಬೇಕಾಗಬಹುದು. ಅದರ ಬದಲು ಪಟ್ಟಿಯ ನಟ್ಟನಡುವೆ ತೆರೆಯಿರಿ. ಬೇಕಾದ ಹೆಸರು ಹಿಂದಿದೆಯೋ ಮುಂದಿದೆಯೋ ನೋಡಿ, ಬೇಡದ ಅರ್ಧವನ್ನು ಬಿಡಿ. ಉಳಿದ ಅರ್ಧದಲ್ಲೂ ಹಾಗೆಯೇ ಮಾಡಿ. ಹದಿನೇಳು ಸಲ ನೋಡುವಷ್ಟರಲ್ಲಿ ಹೆಸರು ಸಿಕ್ಕೇ ಸಿಗುತ್ತದೆ, ಏಕೆಂದರೆ ಒಂದನ್ನು ಹದಿನೇಳು ಸಲ ಇಮ್ಮಡಿ ಮಾಡಿದರೆ 1,31,072 ಆಗುತ್ತದೆ. ಲಕ್ಷ ಎಲ್ಲಿ, ಹದಿನೇಳು ಎಲ್ಲಿ! ಕಂಪ್ಯೂಟರ್ ಸೈನ್ಸ್ ಎಂದರೆ ಇಂಥ ಯೋಚನೆಯನ್ನು ನಾಲ್ಕು ವರ್ಷ ಅಭ್ಯಾಸ ಮಾಡುವುದು. ಇದನ್ನು ಕೇಳಿ ಖುಷಿಯಾದ ಮಕ್ಕಳು ಈ ಪದವಿಗೆ ಧಾರಾಳವಾಗಿ ಹೋಗಲಿ. ಆಕಳಿಕೆ ಬಂದವರೂ ದಡ್ಡರಲ್ಲ, ಅವರ ದಾರಿ ಬೇರೆ ಅಷ್ಟೆ.

ಈಗ ನೌಕರಿಯ ಮಾತು. ನಾನು ದಾವಣಗೆರೆಯಲ್ಲಿ ಓದಿದ್ದು ಎಲೆಕ್ಟ್ರಾನಿಕ್ಸ್. 1999ರಲ್ಲಿ ವೈಟುಕೆ ಕೆಲಸಕ್ಕೆ ಜನ ಸಾಲದೆ ಯಾವ ಶಾಖೆಯ ಇಂಜಿನಿಯರಾದರೂ ಸಾಫ್ಟ್‌ವೇರ್ ಕಂಪನಿಗಳು ಕರೆಯುತ್ತಿದ್ದವು. ನಾನು ಹಾಗೆ ಒಳಗೆ ಹೋದವನು. 2001ರಲ್ಲಿ ಅಮೆರಿಕದ ಡಾಟ್‌ಕಾಂ ಕಂಪನಿಗಳು ಮುಳುಗಿದವು. ಆಗ ಜೊತೆಯವರ ಕೆಲಸ ಹೋಗಿದ್ದನ್ನೂ ಕಣ್ಣಾರೆ ಕಂಡೆ. 2008ರಲ್ಲಿ ಮತ್ತೊಮ್ಮೆ. 2022ರ ನಂತರ ಕೆಲವು ಹುಡುಗರು ಆಫರ್ ಪತ್ರ ಹಿಡಿದುಕೊಂಡು ವರ್ಷಗಟ್ಟಲೆ ಕಾದರು. ಸಾಮೂಹಿಕವಾಗಿ ನೇಮಕ ಮಾಡುವ ದೊಡ್ಡ ಕಂಪನಿಗಳಲ್ಲಿ ಹೊಸಬರ ಸಂಬಳ ಬಹಳ ವರ್ಷಗಳಿಂದ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಹತ್ತಾರು ಲಕ್ಷ ಕೊಟ್ಟು ಸೀಟು ಕೊಳ್ಳುವವರು ಈ ಲೆಕ್ಕವನ್ನು ಮನೆಯಲ್ಲಿ ಕುಳಿತು ಹಾಕಿನೋಡಬೇಕು.

"ಪ್ರೋಗ್ರಾಂ ಬರೆಯುವುದನ್ನೂ ಈಗ ಎಐ ಮಾಡುತ್ತದಲ್ಲ?" ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಒಳ್ಳೆಯ ಪ್ರಶ್ನೆ. ಹೌದಮ್ಮ, ಮಾಡುತ್ತದೆ. ಆದರೆ ನಮ್ಮ ಪಹಣಿಯನ್ನೇ ನೋಡು. ಹಿಂದೆ ಅದನ್ನು ಗ್ರಾಮ ಲೆಕ್ಕಿಗರು ಕೈಯಲ್ಲಿ ಬರೆದು ಕೊಡುತ್ತಿದ್ದರು. 2000ದ ಸುಮಾರಿಗೆ ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಹದಿನೈದು ರೂಪಾಯಿಗೆ ಸಿಕ್ಕವು. ಅಲ್ಲಿ ಕಷ್ಟದ ಕೆಲಸ ಪ್ರೋಗ್ರಾಂ ಬರೆಯುವುದಷ್ಟೇ ಆಗಿರಲಿಲ್ಲ. ಜಂಟಿ ಖಾತೆ ಎಂದರೇನು, ಹಿಸ್ಸಾ ಎಂದರೇನು, ಪೋಡಿ ಆಗದ ಜಮೀನನ್ನು ಹೇಗೆ ತೋರಿಸಬೇಕು ಎಂಬುದೂ ಗೊತ್ತಿರಬೇಕಿತ್ತು. ಯಂತ್ರ ಬರೆದುಕೊಟ್ಟದ್ದು ಸರಿಯೋ ತಪ್ಪೋ ಎಂದು ಹೇಳುವುದಕ್ಕೂ ಎರಡೂ ಕಡೆಯ ಅರಿವಿರುವವರು ಬೇಕು. ರಾಶಿ, ಬೆಟ್ಟೆ, ಗೊರಬಲು ಗೊತ್ತಿರುವ ಚನ್ನಗಿರಿಯ ಹುಡುಗನಿಗೆ ಅಡಿಕೆ ಮಂಡಿಯ ಲೆಕ್ಕದ ಸಾಫ್ಟ್‌ವೇರ್ ಮಾಡಲು ಬೆಂಗಳೂರಿನವನಿಗಿಂತ ಅನುಕೂಲ ಹೆಚ್ಚು. ನಿಜ, ಬರೀ ಕೋಡ್ ನಕಲು ಮಾಡುವವರಿಗೆ ಮುಂದೆ ಕಷ್ಟವಿದೆ. ಅದನ್ನು ಮುಚ್ಚಿಡುವುದಿಲ್ಲ.

ಇನ್ನು, ಸೀಟಿಗೆ ದುಬಾರಿ ಬಾಗಿಲು ಒಂದೇ ಇರುವುದಲ್ಲ. ಎಸ್‌ಎಸ್‌ಎಲ್‌ಸಿ ಆದಮೇಲೆ ಮೂರು ವರ್ಷದ ಡಿಪ್ಲೊಮಾ ಮಾಡಿ, ಡಿಸಿಇಟಿ ಬರೆದು, ನೇರವಾಗಿ ಬಿ.ಇ. ಎರಡನೇ ವರ್ಷಕ್ಕೆ ಸೇರಬಹುದು. ಬಿಸಿಎ ಮಾಡಿ ಎಂಸಿಎಗೆ ಹೋಗಬಹುದು. ಬಿಸಿಎ, ಬಿಎಸ್ಸಿ ಆದವರನ್ನು ಕೆಲಸಕ್ಕೆ ತೆಗೆದುಕೊಂಡು ಮುಂದೆ ಓದಿಸುವ ಪದ್ಧತಿ ವಿಪ್ರೋದಂಥ ಕಂಪನಿಗಳಲ್ಲಿ 1990ರ ದಶಕದಿಂದಲೂ ಇದೆ. ಸಿಇಟಿಯಲ್ಲಿ ಸೀಟು ಬಂದವರಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲವಿದೆ. ದಾವಣಗೆರೆಯಲ್ಲೇ 1951ರಲ್ಲಿ ಆರಂಭವಾದ ಬಿಡಿಟಿ ಕಾಲೇಜಿದೆ, 1979ರ ಬಾಪೂಜಿ ಕಾಲೇಜಿದೆ. ಜಗಳೂರಿನ ಒಬ್ಬ ದರ್ಜಿಯವರ ಮಗಳು ಡಿಪ್ಲೊಮಾದ ದಾರಿಯಲ್ಲೇ ಬಿ.ಇ. ಮುಗಿಸಿ ಈಗ ಬೆಂಗಳೂರಿನಲ್ಲಿದ್ದಾಳೆ. ಅವಳು ಓದಿದ ಕಾಲೇಜಿನ ಹೆಸರು ಕೇಳಿದರೆ ನಿಮ್ಮಲ್ಲಿ ಅನೇಕರು ಮೂಗು ಮುರಿಯಬಹುದು. ಆದರೆ ಅವಳ ಓದಿಗೆ ಮನೆಯ ಒಂದು ಚಮಚವೂ ಮಾರಾಟವಾಗಲಿಲ್ಲ.

ಆ ಖೇಣಿ ಮಾಡುವ ಸಹೋದರರನ್ನು ನಾನು ಕೇಳಿದೆ, "ಮಗನಿಗೆ ಗಣಿತದಲ್ಲಿ ಎಷ್ಟು ಅಂಕ?" ಅವರಿಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ಮಗಳು ಇದ್ದಳು, ಎಸ್‌ಎಸ್‌ಎಲ್‌ಸಿ ಗಣಿತಕ್ಕೆ ಇಂದು ಇದೇ ವೇದಿಕೆಯಲ್ಲಿ ಬಹುಮಾನ ಪಡೆದವಳು. "ಇವಳಿಗೆ ಏನು ಯೋಚನೆ ಮಾಡಿದ್ದೀರಿ?" ಎಂದೆ. "ಆ ನಿವೇಶನ ಇವಳ ಮದುವೆಗೆ ಅಂತ ಇಟ್ಟಿದ್ದು ಸರ್" ಎಂದರು.

ಸಹೋದರರೇ, ದಯವಿಟ್ಟು ಇಂದು ಸಂಜೆ ಯಾರಿಗೂ ಮುಂಗಡ ಕೊಡಬೇಡಿ. ಊಟವಾದ ಮೇಲೆ ಗ್ರಂಥಾಲಯದ ಕೋಣೆಯಲ್ಲಿ ಐದು ಗಂಟೆಯವರೆಗೆ ಕುಳಿತಿರುತ್ತೇನೆ. ಮಗನ ಅಂಕಪಟ್ಟಿ ತನ್ನಿ, ಮಗಳದೂ ತನ್ನಿ, ಇಬ್ಬರನ್ನೂ ಕರೆದುಕೊಂಡು ಬನ್ನಿ.