ಒರೆಸುವ ಬಟ್ಟೆಯ ಆರೈಕೆ

ಕಾರು ತೊಳೆಯುವ ಅಂಗಡಿಯ ಹಿಂಬದಿಯನ್ನು ನೋಡಿದ್ದೀರಾ? ಅಚ್ಚುಕಟ್ಟಿನ ಕಡೆ ಮೈಕ್ರೋಫೈಬರ್ ಬಟ್ಟೆಗಳಿಗೆ ಬೇರೆ ಬೇರೆ ಬಕೆಟ್ಟು. ಗಾಜಿನದು ಒಂದು, ಬಾಡಿಯದು ಒಂದು, ಚಕ್ರದ್ದು ದೂರದಲ್ಲಿ. ಚಕ್ರ ಒರೆಸಿದ ಬಟ್ಟೆಯಲ್ಲಿ ಬ್ರೇಕಿನ ಪುಡಿ ಸಿಕ್ಕಿಕೊಂಡಿರುತ್ತದೆ. ಒಗೆದರೂ ಪೂರ್ತಿ ಬಿಡುವುದಿಲ್ಲ. ಅದು ಬಾನೆಟ್ಟಿನ ಮೇಲೆ ಆಡಿತೋ, ಗೆರೆ ಬಿತ್ತೆಂದೇ ಲೆಕ್ಕ.

ಮೈಕ್ರೋಫೈಬರಿನ ಪಾಲಿಯೆಸ್ಟರ್, ನೈಲಾನ್ ಎಳೆಗಳು ಕೂದಲಿಗಿಂತ ಎಷ್ಟೋ ಸಣ್ಣವು. ಅವುಗಳ ಸಂದುಗಳೇ ಧೂಳು ಹಿಡಿಯುವುದು. ಈ ಬಟ್ಟೆಯನ್ನು ಹತ್ತಿಯ ಜೊತೆ ಒಗೆದರೆ ಹತ್ತಿಯ ನಾರನ್ನೆಲ್ಲ ಅಂಟಿಸಿಕೊಂಡು ಬರುತ್ತದೆ. ಘಮ್ಮೆನ್ನಲೆಂದು ಕಂಡಿಷನರ್ ಹಾಕಿದರೆ, ಪಾಪ, ನೀರನ್ನೂ ಸರಿಯಾಗಿ ಹೀರದು. ಬಿಸಿ ಹೆಚ್ಚಾದರೆ ಒರಟಾಗುತ್ತದೆ.

ಹಳತಾದದ್ದು ಬಾನೆಟ್ಟಿನಿಂದ ಚಕ್ರಕ್ಕೆ ಇಳಿಯುತ್ತದೆ. ಮತ್ತೆ ಮೇಲೇರುವುದಿಲ್ಲ. ನನಗೇನೋ ಇದು ಅವಮಾನ ಅನ್ನಿಸುವುದಿಲ್ಲ. ಅಲ್ಲೂ ಅದಕ್ಕೆ ತಿಂಗಳುಗಟ್ಟಲೆ ಕೆಲಸವಿದೆ.