ಪಾರ್ಟಿಗಿಂತ ಮೊದಲು ಕಾಗದ ನೋಡಿ
(ಫೊಯರ್‌ಬಾಕ್‌ನಲ್ಲಿ ನಮ್ಮ ಬಳಗದವರ ಮುಂದೆ ಆಡಿದ ಮಾತಿನ ಬರಹರೂಪ)



ವಿಷಯ ನೀವೇ ಕೊಟ್ಟಿದ್ದೀರಿ. ಸೆಕೆಂಡ್‌ಹ್ಯಾಂಡ್ ಗಾಲ್ಫ್ ಜಿಟಿಐ, ಪೋಲೊ ಜಿಟಿಐ ತರದ ಚುರುಕು ಗಾಡಿ ಕೊಂಡ ಮೇಲೆ ಯಾವ ಪಾರ್ಟ್ ಬದಲಾಯಿಸಬೇಕು, ಹೊಸದಾಗಿ ಏನು ಹಾಕಿಸಬಹುದು ಅಂತ. ನಾನು ಗ್ಯಾರೇಜಿನವನಲ್ಲ. ಸರ್ಕಾರಿ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿದವನು. ಆದ್ರೆ ನಮ್ಮ ಹುಡುಗರ ಗಾಡಿಗಳ ಜೊತೆ ರಜಾ ದಿನ ಕಳೆದೂ ಕಳೆದೂ ಒಂದಿಷ್ಟು ತಿಳ್ಕೊಂಡಿದ್ದೀನಿ.

ಈ ಮಾತಿಗೆ ಫೊಯರ್‌ಬಾಕ್ ಸರಿಯಾದ ಜಾಗ. ಬಾಷ್ ಕಾರ್ಖಾನೆ ಇಲ್ಲಿಗೆ ಬಂದು ನೂರು ವರ್ಷ ದಾಟಿದೆ. 1951ರಲ್ಲಿ ಶುರುವಾದ ನಮ್ಮ ಬೆಂಗಳೂರಿನ ಮೈಕೋ ಇದೇ ಬಾಷ್ ಬಳಗದ್ದು. 2008ರಲ್ಲಿ ಅದರ ಹೆಸರೇ ಬಾಷ್ ಆಯ್ತು. ಮೈಕೋ ಪ್ಲಗ್ ಅಂದ್ರೆ ನಮ್ಮ ಅಪ್ಪಂದಿರಿಗೆ ಚೆನ್ನಾಗಿ ಗೊತ್ತು.

ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಪಾರ್ಟ್ ಕೇಳಿದ್ರೆ ಅಂಗಡಿಯವರು "ಒರಿಜಿನಲ್ಲಾ, ಲೋಕಲ್ಲಾ?" ಅಂತಾರೆ. ಇಲ್ಲಿ ಅಷ್ಟು ಕೇಳಿದ್ರೆ ಸಾಲದು. "ಇದಕ್ಕೆ ಕಾಗದ ಇದೆಯಾ?" ಅಂತಲೂ ಕೇಳಬೇಕು. ನಾನು ಇವತ್ತು ಹೇಳಬೇಕು ಅಂದ್ಕೊಂಡಿರೋದು ಮುಖ್ಯವಾಗಿ ಇದೊಂದೇ.

ಕಾಗದ ಮೂರು ತರ. ಮೊದಲನೆಯದು ಪಾರ್ಟಿನ ಮೇಲೇ ಇರುವ ಇ ಗುರುತು: ವೃತ್ತದೊಳಗೆ ಇ, ಪಕ್ಕದಲ್ಲಿ ಒಂದು ಅಂಕಿ. 1 ಅಂದ್ರೆ ಜರ್ಮನಿ, 2 ಫ್ರಾನ್ಸ್, 3 ಇಟಲಿ. ಅದು ತಯಾರಾದ ದೇಶವಲ್ಲ, ಒಪ್ಪಿಗೆ ಕೊಟ್ಟ ದೇಶ. ಎರಡನೆಯದು ಎಬಿಇ. ಆ ಕಾಗದ ಗಾಡಿಯಲ್ಲೇ ಇರಬೇಕು, ಅದರಲ್ಲಿ ಬರೆದ ಷರತ್ತುಗಳನ್ನೂ ಓದಬೇಕು. ಮೂರನೆಯದು ಟೈಲೆಗುಟಾಖ್ಟನ್. ಇದಿದ್ರೆ ಪಾರ್ಟ್ ಹಾಕಿಸಿದ ಕೂಡಲೇ ಟ್ಯೂಫ್, ಡೆಕ್ರಾದಂಥ ಕಡೆ ತೋರಿಸಿ ಒಪ್ಪಿಗೆ ಪಡೀಬೇಕು.

ಇದ್ಯಾವುದೂ ಇಲ್ಲದೆ ಸ್ಪ್ರಿಂಗ್, ಸೈಲೆನ್ಸರ್ ಅಂತ ಹಾಕಿಸಿದ್ರೆ ಗಾಡಿ ರಸ್ತೆಗಿಳಿಸುವ ಅನುಮತಿಯೇ ರದ್ದಾಗಬಹುದು. ಅಪಘಾತಕ್ಕೆ ಆ ಪಾರ್ಟೇ ಕಾರಣ ಅಂತಾದ್ರೆ ವಿಮೆಯವರು ಎದುರಿನವರಿಗೆ ಪರಿಹಾರ ಕೊಟ್ಟು, ನಿಮ್ಮಿಂದ 5,000 ಯೂರೊವರೆಗೆ ವಾಪಸ್ ಕೇಳಬಹುದು. ನಿಮ್ಮ ಸ್ವಂತ ಗಾಡಿಯ ರಿಪೇರಿ ದುಡ್ಡಿಗೂ ಕತ್ತರಿ ಬೀಳಬಹುದು. ಅದು ತಂಗಿ ಮದುವೆಗೋ, ಊರಲ್ಲಿ ಕಟ್ಟಿಸ್ತಿರೋ ಮನೆಗೋ ಎತ್ತಿಟ್ಟ ದುಡ್ಡು, ನೆನಪಿರಲಿ.

ನಮ್ಮ ಬಳಗದ ಒಬ್ಬ ಹುಡುಗ ಕೊಂಡ ಗಾಡಿಗೆ ಹಳೇ ಮಾಲೀಕ ಎತ್ತರ ತಗ್ಗಿಸೋ ಸ್ಪ್ರಿಂಗ್ ಹಾಕಿಸಿದ್ದ. ನೋಡೋಕೆ ಚಂದ. ಫಾರ್‌ತ್ಸೊಯ್ಗ್‌ಶೈನ್, ಅಂದ್ರೆ ಇಲ್ಲಿನ ಆರ್‌ಸಿಯಲ್ಲಿ, ಅದರ ಸುದ್ದಿಯೇ ಇರಲಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ತಪಾಸಣೆಯಲ್ಲಿ ಗಾಡಿ ಫೇಲ್. ಹಳೇ ತರದ ಸ್ಪ್ರಿಂಗ್ ತಂದು, ಕೂಲಿ ಕೊಟ್ಟು, ಮತ್ತೆ ವೀಲ್ ಅಲೈನ್‌ಮೆಂಟ್ ಮಾಡಿಸಿದ. ಅದಕ್ಕೇ ಗಾಡಿ ಕೊಳ್ಳುವಾಗ ಆರ್‌ಸಿಯ 22ನೇ ಕಲಂ ಓದಿ. ಬದಲಾವಣೆ ದಾಖಲಾಗಿದ್ರೆ ಸಾಮಾನ್ಯವಾಗಿ ಅಲ್ಲಿ ಕಾಣುತ್ತೆ.

ಈಗ ದುಡ್ಡು ಯಾವ ಕ್ರಮದಲ್ಲಿ ಹಾಕಬೇಕು ಅನ್ನೋದು. ಓಡೋದಕ್ಕಿಂತ ಮೊದಲು ನಿಲ್ಲೋದು.

ಬ್ರೇಕ್: ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಕೆತ್ತಿರುತ್ತೆ. ಅದಕ್ಕಿಂತ ಸವೆದಿದ್ರೆ ಬರೀ ಪ್ಯಾಡ್ ಹಾಕಿ ಪ್ರಯೋಜನವಿಲ್ಲ. ಬದಲಾಯಿಸುವಾಗ ಎಡ ಬಲ ಎರಡೂ ಒಟ್ಟಿಗೆ. ಪ್ಯಾಡ್ ಡಬ್ಬದ ಮೇಲೆ ಆರ್90 ಒಪ್ಪಿಗೆ ನೋಡಿ. ಆಟೆ, ಟೆಕ್ಸ್ಟಾರ್, ಬಾಷ್‌ನಂಥ ಕಂಪನಿಗಳದ್ದು ಸಾಕು, ಶೋರೂಮ್ ಡಬ್ಬವೇ ಬೇಕೆಂದಿಲ್ಲ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ.

ಟೈರ್: ಬೆಳಗಿನ ಪಾಳಿಗೆ ಕತ್ತಲಲ್ಲೇ ಪ್ರಾಗ್‌ಸಾಟಲ್ ದಾಟುವವರಿಗೆ ಚಳಿಗಾಲದ ಇಳಿಜಾರು ಗೊತ್ತು. 2024ರ ಅಕ್ಟೋಬರಿನಿಂದ, ಹಿಮ ಬಿದ್ದ ರಸ್ತೆಗೆ ಬೆಟ್ಟ ಮತ್ತು ಹಿಮದ ಹರಳಿನ ಗುರುತಿರೋ ಟೈರೇ ಬೇಕು. ಬರೀ ಎಂ ಪ್ಲಸ್ ಎಸ್ ಅಂತಿದ್ರೆ ನಡೆಯಲ್ಲ. ಸಿಕ್ಕಿಬಿದ್ರೆ 60 ಯೂರೊ ದಂಡ, ಜೊತೆಗೆ ಒಂದು ಪಾಯಿಂಟ್. ಹಳೇ ಟೈರ್ ಕೊಳ್ಳುವಾಗ ಪಕ್ಕದಲ್ಲಿರೋ ನಾಲ್ಕು ಅಂಕಿ ಓದಿ: 3523 ಅಂದ್ರೆ 2023ರ 35ನೇ ವಾರ ತಯಾರಾದದ್ದು.

ಬ್ಯಾಟರಿ: ಸಿಗ್ನಲ್‌ನಲ್ಲಿ ತಾನೇ ಆಫ್ ಆಗೋ ಗಾಡಿಗಳಲ್ಲಿ ಎಜಿಎಂ ಅಥವಾ ಇಎಫ್‌ಬಿ ಬ್ಯಾಟರಿ ಇರುತ್ತೆ. ಎಜಿಎಂ ಇದ್ದ ಕಡೆ ಎಜಿಎಂ ಬ್ಯಾಟರಿಯನ್ನೇ ಹಾಕಿ. ಅಗ್ಗದ ಸಾದಾ ಬ್ಯಾಟರಿ ಆ ಕೆಲಸಕ್ಕೆ ಬೇಗ ಸಾಯುತ್ತೆ.

ಇನ್ನು ಎಲ್ಲರೂ ಕೇಳೋ ಎಲ್‌ಇಡಿ ಬಲ್ಬ್. ಇದು ನನ್ನ ಟ್ರೇಡು, ಸ್ವಲ್ಪ ಬಿಡಿಸಿ ಹೇಳ್ತೀನಿ. ಎಚ್7 ಹ್ಯಾಲೊಜನ್ 55 ವಾಟ್‌ನದು. ಹೆಡ್‌ಲೈಟಿನ ಕನ್ನಡಿಯ ಆಕಾರ ಆ ಫಿಲಮೆಂಟ್ ಇರೋ ಜಾಗಕ್ಕೆ ಲೆಕ್ಕ ಹಾಕಿ ಮಾಡಿದ್ದು. ಬೆಳಕಿನ ಮೂಲ ಒಂದೆರಡು ಮಿಲಿಮೀಟರ್ ಸರಿದ್ರೂ ಬೆಳಕು ಚೆಲ್ಲಾಪಿಲ್ಲಿಯಾಗಿ ಎದುರಿನವರ ಕಣ್ಣಿಗೆ ಹೊಡೆಯುತ್ತೆ. ಎಲ್‌ಇಡಿ ಕಡಿಮೆ ಕರೆಂಟ್ ಎಳೆಯೋದರಿಂದ ಕೆಲವು ಗಾಡಿಗಳು ಬಲ್ಬ್ ಹೋಗಿದೆ ಅಂತಲೂ ತೋರಿಸುತ್ತವೆ. ಕಾನೂನು ಒಪ್ಪಿದ ಎಲ್‌ಇಡಿ ಬಲ್ಬ್ ಇಲ್ಲಿ 2020ರಿಂದ ಸಿಗುತ್ತೆ, ಮೊದಲು ಒಸ್ರಾಮ್, ಆಮೇಲೆ ಫಿಲಿಪ್ಸ್. ಆದ್ರೆ ಕಂಪನಿಯ ಪಟ್ಟಿಯಲ್ಲಿ ನಿಮ್ಮ ಗಾಡಿ, ನಿಮ್ಮ ಹೆಡ್‌ಲೈಟ್ ಇದ್ರೆ ಮಾತ್ರ. ಆ ಕಾಗದವೂ ಜೊತೆಗಿರಲಿ.

ಆನ್‌ಲೈನಿನಲ್ಲಿ ಆರ್ಡರ್ ಮಾಡುವಾಗ ಮಾಡೆಲ್ ಹೆಸರು ನಂಬಬೇಡಿ. ಆರ್‌ಸಿಯ 2.1 ಮತ್ತು 2.2 ಕಲಂನ ನಂಬರ್ ಹಾಕಿ ಹುಡುಕಿ. ಒಂದೇ ಗಾಲ್ಫ್‌ಗೆ ಎರಡು ಮೂರು ಅಳತೆಯ ಡಿಸ್ಕ್ ಬರುತ್ತೆ. ಅನುಮಾನ ಇದ್ರೆ ಚಾಸಿ ನಂಬರ್ ಕೊಟ್ಟು ಕೇಳಿ.

ಸ್ಪ್ರಿಂಗ್, ಚಿಪ್ ಟ್ಯೂನಿಂಗ್ ಬೇಡ ಅಂತ ನಾನು ಹೇಳ್ತಿಲ್ಲ. ದುಡಿಯೋರಿಗೂ ಒಂದು ಖುಷಿ ಬೇಕಲ್ವಾ? ಮೇಲಿನ ಮೂರೂ ಸರಿಯಾದ ಮೇಲೆ ಮಾಡಿಸಿ, ಅಷ್ಟೇ. ಇಂಜಿನ್ನಿನ ಪವರ್ ಹೆಚ್ಚಿಸಿದ್ರೆ ದಾಖಲು ಮಾಡಿಸಿ, ವಿಮೆಯವರಿಗೂ ತಿಳಿಸಿ. ಪಾರ್ಟಿನ ಬೆಲೆಗೆ ಕೂಲಿ, ಅಲೈನ್‌ಮೆಂಟ್, ಟ್ಯೂಫ್ ಫೀಸು ಸೇರಿಸಿ ಲೆಕ್ಕ ಹಾಕಿ, ಆಮೇಲೆ ಮನಸ್ಸು ಮಾಡಿ.

"ಕಾಗದ ಆಮೇಲೆ ಕಳಿಸ್ತೀನಿ" ಅನ್ನೋ ಮಾರಾಟಗಾರನಿಗೆ "ದುಡ್ಡೂ ಆಮೇಲೆ ಕಳಿಸ್ತೀನಿ" ಅನ್ನಿ. ಯಾರಿಗಾದ್ರೂ ಡಬ್ಬದ ಮೇಲಿನ ಗುರುತು ಅರ್ಥ ಆಗದಿದ್ರೆ ಫೋಟೊ ಕಳಿಸಿ, ಭಾನುವಾರ ಕೂತು ನೋಡೋಣ.