ಬೆಸುಗೆಯ ಯಂತ್ರಕ್ಕೆ ತಕ್ಕ ಜೊತೆ



ಬೆಸುಗೆ ಎಂಬುದು ಅಚ್ಚಗನ್ನಡದ ಮಾತು. ಬೆಸೆ ಎಂದರೆ ಕೂಡಿಸು, ಒಂದಾಗಿಸು. ಅಕ್ಕಸಾಲಿಗನ ಕೈಯಲ್ಲಿ ಚಿನ್ನದ ತುಣುಕುಗಳು ಬೆಸೆದುಕೊಳ್ಳುತ್ತಿದ್ದವು. ಕಮ್ಮಾರನ ಕುಲುಮೆಯಲ್ಲಿ ಕಾದ ಕಬ್ಬಿಣದ ಎರಡು ತುದಿಗಳು ಸುತ್ತಿಗೆಯ ಪೆಟ್ಟಿಗೆ ಒಂದಾಗುತ್ತಿದ್ದವು. ಈಗ ಆ ಕೆಲಸವನ್ನು ವಿದ್ಯುತ್ತು ಮಾಡುತ್ತದೆ. ನಾವು ಅದನ್ನು ವೆಲ್ಡಿಂಗ್ ಎನ್ನುತ್ತೇವೆ. ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೊರಟವರಿಗೆ ಪೇಟೆಗಳ ಅಂಚಿನಲ್ಲಿ ಆ ನೀಲಿ ಮಿಂಚು ಕಾಣದೆ ಇರದು. ಮನೆಯ ಗೇಟು, ಕಿಟಕಿಯ ಸರಳು, ಅಡಿಕೆ ಸುಲಿಯುವ ಯಂತ್ರದ ಚೌಕಟ್ಟು, ಶಾಲೆಯ ಮುರಿದ ಬೆಂಚು, ಎಲ್ಲಕ್ಕೂ ಅದೇ ಅಂಗಡಿಯೇ ಗತಿ.

ಹಳಗನ್ನಡದ ಪಾಠ ಹೇಳುವವನಿಗೆ ಈ ಉಸಾಬರಿ ಏಕೆಂದು ನೀವು ಕೇಳಬಹುದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥ ಅಂಗಡಿ ಇಟ್ಟಿದ್ದಾನೆ. ರಾಡು ಹಿಡಿದು ಮಾಡುವ ವೆಲ್ಡಿಂಗಿನಲ್ಲಿ ಅವನ ಕೈ ಚೆನ್ನಾಗಿ ಕುದುರಿತ್ತು. ತೆಳು ತಗಡಿನ ಕೆಲಸ ಬೇಗ ಮುಗಿಯಲೆಂದು, ಬ್ಯಾಂಕಿನ ಸಾಲದಿಂದ ತಂತಿ ಉಣಿಸುವ ಯಂತ್ರವೊಂದನ್ನು ಹಳೆಯ ಸಾಮಾನಿನವರಲ್ಲಿ ಕೊಂಡು ತಂದ. ಇದಕ್ಕೆ ಕಸಬಿನವರು ವೈರ್ ಫೀಡರ್ ಎನ್ನುತ್ತಾರೆ. ಸುರುಳಿಯ ತಂತಿಯನ್ನು ಎರಡು ಉರುಳೆಗಳ ನಡುವೆ ಹಿಡಿದು, ಕೊಳವೆಯ ಮೂಲಕ ಕೈಯಲ್ಲಿರುವ ಟಾರ್ಚಿನ ತುದಿಗೆ ತಳ್ಳುತ್ತಾ ಹೋಗುವುದು ಅದರ ಕೆಲಸ. ಅದರ ಮೋಟಾರಿಗೆ ಚಿಕ್ಕ ಟ್ರಾನ್ಸ್‌ಫಾರ್ಮರೊಂದರಿಂದ ವಿದ್ಯುತ್ತು ಕೊಟ್ಟು, ಬೆಸುಗೆಯ ವಿದ್ಯುತ್ತನ್ನು ತನ್ನ ಹಳೆಯ ರಾಡಿನ ಯಂತ್ರದಿಂದಲೇ ತೆಗೆದುಕೊಂಡ. ತಂತಿ ಒಮ್ಮೆ ತಾಮ್ರದ ಮೂತಿಯವರೆಗೂ ಕರಗಿ ಅಂಟಿಕೊಳ್ಳುತ್ತಿತ್ತು, ಒಮ್ಮೆ ಕರಗದೆ ಕಬ್ಬಿಣವನ್ನು ಹೋಗಿ ಕುಟ್ಟುತ್ತಿತ್ತು. ಬೇಸತ್ತು, ಇನ್ನೊಂದು ಕಡೆಯಿಂದ ತಂತಿ ಬೆಸುಗೆಯದೇ ಹಳೆಯ ವಿದ್ಯುನ್ಮೂಲವೊಂದನ್ನು ತಂದ. ಫೀಡರಿನ ಪ್ಲಗ್ಗನ್ನು ಅದಕ್ಕೆ ಸಿಕ್ಕಿಸಿ ಸ್ವಿಚ್ಚು ಹಾಕಿದ ಕೂಡಲೆ ಒಳಗಿನಿಂದ ಹೊಗೆ ಬಂತು.

"ಪ್ಲಗ್ಗು ಸರಿಯಾಗಿಯೇ ಕೂತಿತ್ತಲ್ಲ ಸಾರ್" ಎಂದ.

ಅವನ ಎರಡು ಪೆಟ್ಟುಗಳಿಗೂ ಬೇರೆ ಬೇರೆ ಕಾರಣ ಉಂಟು. ಬಲ್ಲವರನ್ನು ಕೇಳಿ ತಿಳಿದುದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ರಾಡು ಹಿಡಿದವನ ಕೈ ಸ್ವಲ್ಪವಾದರೂ ನಡುಗುತ್ತದೆ. ರಾಡಿನ ತುದಿಗೂ ಕಬ್ಬಿಣಕ್ಕೂ ನಡುವಿನ ಅಂತರ ಹೆಚ್ಚುಕಡಮೆಯಾಗುತ್ತಲೇ ಇರುತ್ತದೆ. ಆದುದರಿಂದ ಆ ಯಂತ್ರವನ್ನು, ಅಂತರ ಬದಲಾದರೂ ಪ್ರವಾಹ, ಎಂದರೆ ಆಂಪಿಯರು, ಹೆಚ್ಚು ಕದಲದಂತೆ ಕಟ್ಟಿರುತ್ತಾರೆ. ಬದಲಾಗುವುದು ವೋಲ್ಟು. ತಂತಿಯ ಬೆಸುಗೆಯಲ್ಲಿ ಏರ್ಪಾಟು ಇದಕ್ಕೆ ತಲೆಕೆಳಗು. ಅಲ್ಲಿ ಫೀಡರು ಒಂದೇ ವೇಗದಲ್ಲಿ ತಂತಿ ತಳ್ಳುತ್ತದೆ. ವಿದ್ಯುನ್ಮೂಲವು ವೋಲ್ಟನ್ನು ಸ್ಥಿರವಾಗಿ ಹಿಡಿದು ಆಂಪಿಯರನ್ನು ಸಡಿಲ ಬಿಡುತ್ತದೆ. ಅಂತರ ಹೆಚ್ಚಾಯಿತೆನ್ನಿ: ಪ್ರವಾಹ ಇಳಿಯುತ್ತದೆ, ತಂತಿ ನಿಧಾನವಾಗಿ ಕರಗುತ್ತದೆ, ಹಿಂದಿನಿಂದ ತಂತಿ ಬರುತ್ತಲೇ ಇರುವುದರಿಂದ ಅಂತರ ತಾನೇ ಕಿರಿದಾಗುತ್ತದೆ. ಕಿರಿದಾದರೆ ಪ್ರವಾಹ ಏರಿ, ತಂತಿ ಬೇಗ ಕರಗಿ, ಅಂತರ ಮತ್ತೆ ಮೊದಲಿನಂತಾಗುತ್ತದೆ. ಯಾರ ಕೈಯೂ ಸೋಕದೆ ತನ್ನನ್ನು ತಾನೇ ತಿದ್ದಿಕೊಳ್ಳುವ ಈ ಗುಣ ಬಹಳ ಸೊಗಸಾದುದು. ನನ್ನ ತರಗತಿಯ ಹುಡುಗರ ಕಾಗುಣಿತಕ್ಕೂ ಅದು ಇದ್ದಿದ್ದರೆ ಎಂದು ಆಸೆಪಟ್ಟಿದ್ದೇನೆ. ಒಂದೇ ವೇಗದ ಫೀಡರನ್ನು ರಾಡಿನ ಯಂತ್ರಕ್ಕೆ ಕಟ್ಟಿದರೆ ಈ ತಿದ್ದುಪಡಿಯೇ ತಪ್ಪಿಹೋಗುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬುದು ಇದಕ್ಕೇ ಹೇಳಿದಂತಿದೆ.

ರಾಡಿನ ಯಂತ್ರದೊಡನೆ ಹೊಂದುವ ಫೀಡರೂ ಉಂಟು. ಅದು ಅಂತರದ ವೋಲ್ಟನ್ನು ನೋಡಿಕೊಂಡು ತನ್ನ ವೇಗವನ್ನೇ ಬದಲಿಸುತ್ತದೆ. ಅದರಿಂದ ಹೊರಟ ಸಣ್ಣ ತಂತಿಯೊಂದನ್ನು ಬೆಸೆಯುವ ಕಬ್ಬಿಣಕ್ಕೆ ಕಚ್ಚಿಸಬೇಕು. ಅದಕ್ಕೆ ಡಿ.ಸಿ. ಯಂತ್ರವೇ ಬೇಕು; ಏ.ಸಿ. ಕೊಡುವ ಹಳೆಯ ಟ್ರಾನ್ಸ್‌ಫಾರ್ಮರು ನಡೆಯದು. ಇನ್ನೊಂದು ಎಚ್ಚರ: ರಾಡಿನ ಯಂತ್ರ ಚಾಲೂ ಇರುವಾಗ ಅದರ ತುದಿಯಲ್ಲಿ ೬೦ರಿಂದ ೮೦ ವೋಲ್ಟು ಸದಾ ಇರುತ್ತದೆ. ಫೀಡರಿನೊಳಗೆ ಅದನ್ನು ಕಡಿಯುವ ಕಾಂಟ್ಯಾಕ್ಟರು ಇಲ್ಲದಿದ್ದರೆ, ಟಾರ್ಚಿನ ಗುಂಡಿ ಒತ್ತದಿದ್ದರೂ ತಂತಿಯಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ. ಮಳೆಗಾಲದ ಒದ್ದೆ ನೆಲದಲ್ಲಿ ಇದು ಆಟದ ಮಾತಲ್ಲ.

ಇನ್ನು ಹೊಗೆಯ ವಿಚಾರ. ಫೀಡರಿನ ಮೋಟಾರಿಗೂ ಬೋರ್ಡಿಗೂ ಬೇಕಾದ ವೋಲ್ಟು ಎಲ್ಲ ಯಂತ್ರಗಳಲ್ಲೂ ಒಂದಲ್ಲ. ಕೆಲವಕ್ಕೆ ೨೪, ಕೆಲವಕ್ಕೆ ೪೨, ಹಳೆಯ ಕೆಲವಕ್ಕೆ ೧೧೫. ಪ್ಲಗ್ಗಿನ ಕಡ್ಡಿಗಳ ಎಣಿಕೆ ಒಂದೇ ಆದ ಮಾತ್ರಕ್ಕೆ ಒಳಗಿನ ಸಂಬಂಧ ಒಂದೇ ಎಂದಲ್ಲ. ಕಡ್ಡಿಗಳಿಗೆ ಕ್ರಮವನ್ನು ಒಬ್ಬೊಬ್ಬ ತಯಾರಕ ಒಂದೊಂದು ರೀತಿ ಇಟ್ಟಿರುತ್ತಾನೆ. ನಮ್ಮ ಹುಡುಗನ ೨೪ ವೋಲ್ಟಿನ ಬೋರ್ಡಿಗೆ ೧೧೫ ವೋಲ್ಟು ಹೋಗಿ ಬಡಿದಿತ್ತು. ಎರಡೂ ಯಂತ್ರಗಳ ಹಿಂದಿನ ಲೋಹದ ಫಲಕ ಓದಿ, ವೈರಿಂಗಿನ ನಕ್ಷೆ ಎದುರಿಗಿಟ್ಟುಕೊಂಡು, ಪ್ಲಗ್ಗು ಸಿಕ್ಕಿಸುವ ಮೊದಲು ಯಾವ ಕಡ್ಡಿಯಲ್ಲಿ ಎಷ್ಟು ವೋಲ್ಟಿದೆಯೆಂದು ಬಲ್ಲವರಿಂದ ಮೀಟರಿನಲ್ಲಿ ನೋಡಿಸಿದ್ದರೆ ಅರ್ಧ ಗಂಟೆಯ ಕೆಲಸ. ನಕ್ಷೆ ಸಿಗದ ಯಂತ್ರವನ್ನು ಎಷ್ಟು ಅಗ್ಗವಾದರೂ ಕೊಳ್ಳಬಾರದೆಂಬುದು ನನ್ನ ಅಭಿಪ್ರಾಯ.

ವಿದ್ಯುತ್ತಿನ ತವರೆಂದು ಹೆಸರಾದ ಸೀಮೆ ನಮ್ಮದು. ೧೯೪೮ರಲ್ಲಿ ಜೋಗದ ವಿದ್ಯುದಾಗಾರ, ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು. ಹೊಸನಗರ ತಾಲ್ಲೂಕಿನ ಮಾಣಿಯ ನೀರು ಘಟ್ಟ ಇಳಿದು ವಾರಾಹಿಯ ಯಂತ್ರಗಳನ್ನು ತಿರುಗಿಸುತ್ತದೆ. ಆದರೂ ಆಷಾಢದ ಗಾಳಿಗೆ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರೆ ಮೂರು ಫೇಸುಗಳಲ್ಲಿ ಒಂದು ಹೋಗುತ್ತದೆ. ಮೂರು ಫೇಸಿನ ಯಂತ್ರವನ್ನು ಎರಡರಲ್ಲೇ ಓಡಿಸಲು ಹೊರಟರೆ ಅದು ಸುಡುವ ದಾರಿ. ಫೇಸು ತಪ್ಪಿದರೆ ತಾನೇ ನಿಲ್ಲಿಸುವ ರಿಲೇ ಹಾಕಿಸುವುದು ಲೇಸು. ಚಿಕ್ಕ ಜನರೇಟರಿನ ಏರಿಳಿಯುವ ವೋಲ್ಟೂ, ಗಜಗಟ್ಟಲೆ ಎಳೆದ ತೆಳು ವೈರೂ ಅಷ್ಟೇ ಕೆಡುಕು.

ಈಗ ನಿಮ್ಮ ಮನೆಯ ಬಾಗಿಲಿಗೆ ಬರೋಣ. ಬೆಸುಗೆಯ ಪ್ರವಾಹ ಹೋದಂತೆ ಹಿಂತಿರುಗಲೂ ದಾರಿ ಬೇಕು. ಅರ್ತಿಂಗ್ ಎಂದು ಕರೆಯುವ ಕಚ್ಚುಹಿಡಿ ಆ ದಾರಿ. ತುಕ್ಕು, ಬಣ್ಣ ಕೆರೆಯದೆ ಅದನ್ನು ಕಚ್ಚಿಸಿದರೆ, ಬಸಿಗಾಲುವೆ ಕಟ್ಟಿಕೊಂಡಾಗ ತೋಟದ ನೀರು ಸಿಕ್ಕಲ್ಲಿ ನುಗ್ಗುವಂತೆ, ನೂರಾರು ಆಂಪಿಯರಿನ ಪ್ರವಾಹ ಬೇರೆ ದಾರಿ ಹುಡುಕುತ್ತದೆ. ಅದು ಫೀಡರಿನ ತೆಳುವಾದ ಅರ್ತ್ ವೈರಿಗೆ ಹೊಕ್ಕರೆ ವೈರು ಸುಟ್ಟುಹೋಗುತ್ತದೆ. ಅಡಿಕೆ ಸುಲಿಯುವ ಯಂತ್ರದ ಒಂದು ಬದಿಗೆ ಹಿಡಿ ಕಚ್ಚಿಸಿ ಇನ್ನೊಂದು ಬದಿಯಲ್ಲಿ ಬೆಸೆದರೆ ಪ್ರವಾಹ ಬೇರಿಂಗಿನ ಗುಂಡುಗಳ ಮೂಲಕ ಹಾಯ್ದು ಅವುಗಳ ಮೈಯನ್ನು ಕೊರೆಯುತ್ತದೆ. ಅಂದು ಏನೂ ತಿಳಿಯದು. ಸುಗ್ಗಿಯ ನಡುವೆ ಯಂತ್ರ ಗೊರಗೊರ ಎನ್ನತೊಡಗಿದಾಗ ತಿಳಿಯುತ್ತದೆ. ಬೆಸೆಯುವ ಜಾಗದ ಪಕ್ಕದಲ್ಲೇ, ಅದೇ ತುಂಡಿಗೇ, ಕೆರೆದು ಕಚ್ಚಿಸಲು ಹೇಳಿ. ಕಾರಿಗೋ ಟ್ರ್ಯಾಕ್ಟರಿಗೋ ಬೆಸುಗೆ ಹಾಕಿಸುವಾಗ ಬ್ಯಾಟರಿಯ ಸಂಬಂಧ ಮೊದಲು ತಪ್ಪಿಸಿ. ಗೇಟು ಬೆಸೆಯಲು ಬಂದವನು ಅಡಿಗೆಮನೆಯ ಪ್ಲಗ್ಗಿಗೆ ವೈರು ಸಿಕ್ಕಿಸಲು ಹೊರಟರೆ, ಯಂತ್ರಕ್ಕೆ ಎಷ್ಟು ಆಂಪಿಯರು ಬೇಕೆಂದು ಅದರ ಫಲಕ ತೋರಿಸಿ ಎಂದು ಕೇಳಿ. ಪ್ಲಗ್ಗಿಗೆ ಅಷ್ಟು ಶಕ್ತಿ ಇಲ್ಲದಿದ್ದರೆ ಗೇಟನ್ನು ಕಳಚಿ ಅಂಗಡಿಗೇ ಕಳುಹಿಸಿಕೊಡಿ.